ಮುಂದೆ ಮನೆ, ಹಿಂದೆ ಕಾರು

ನಮ್ಮ ಭಾವನವರಿಗೆ ಮನೆ ಬಿಟ್ಟು ಇರುವುದೆಂದರೆ ಆಗಿಬರುತ್ತಿರಲಿಲ್ಲ. ಹಾಗೆಂದು ಊರೂರು ಸುತ್ತುವ ಹುಚ್ಚೇನೂ ಕಡಿಮೆಯಿರಲಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ: ಹೋಗುವಾಗ ಮನೆಯನ್ನೇ ತೆಗೆದುಕೊಂಡು ಹೋಗುವುದು!

ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಎಪ್ಪತ್ತರ ದಶಕದ ಆರಂಭದಲ್ಲಿ, ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮವರೆಲ್ಲ ಕಾರು ಕೊಳ್ಳಬೇಕೋ, ಒಮ್ಮೆ ಮೈಸೂರಿಗೆ ಹೋಗಿ ಬರಬೇಕೋ ಎಂದು ತೂಗಿ ನೋಡುತ್ತಿದ್ದಾಗ ಭಾವ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡು ತಂದರು. ಬಸ್ಸಿನಷ್ಟು ಉದ್ದ. ಒಳಗೆ ಒಲೆ, ಸಿಂಕು, ಮಂಚ, ಬಚ್ಚಲು ಎಲ್ಲ ಇತ್ತು. ಅಕ್ಕ ಅದರೊಳಗೆ ಹಾಲು ಉಕ್ಕಿಸಿ ಗೃಹಪ್ರವೇಶವನ್ನೂ ಮಾಡಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಅವರು ನಮ್ಮ ಭಾವ ಹೇಗಾದಾರು? ಆ ಮನೆಯ ಬೆನ್ನಿಗೆ ಕಬ್ಬಿಣದ ಸಲಾಕೆ ಸಿಕ್ಕಿಸಿ ತಮ್ಮ ಕಾರನ್ನೂ ಕಟ್ಟಿಕೊಂಡು ಹೊರಡುತ್ತಿದ್ದರು.

"ಕಾರು ಯಾಕೆ ಭಾವ?" ಎಂದು ಕೇಳಿದೆ.

"ಮೋಟರ್‌ಹೋಮ್ ಕೆಟ್ಟು ನಿಂತ್ರೆ ಏನಮ್ಮಾ ಮಾಡ್ತೀಯ?"

"ಕಾರೂ ಕೆಟ್ರೆ?"

"ಅದಕ್ಕೇ ತಾನೆ ಮೋಟರ್‌ಹೋಮ್ ಇರೋದು!"

ಭಾವ ಕಾರು ಕಂಪನಿಯೊಂದರಲ್ಲಿ ಬ್ರೇಕ್ ಪರೀಕ್ಷಿಸುವ ಎಂಜಿನಿಯರ್. ಹಗಲೆಲ್ಲ ಬ್ರೇಕುಗಳನ್ನು ಕೆಡುವ ತನಕ ಒತ್ತುವುದೇ ಕೆಲಸವಾದವರಿಗೆ ಯಾವ ಗಾಡಿಯ ಮೇಲೆ ತಾನೆ ನಂಬಿಕೆ ಉಳಿದೀತು? ಆದರೆ ತಮಾಷೆ ನೋಡಿ, ಗಾಡಿ ನಿಲ್ಲಿಸುವುದನ್ನೇ ಓದಿ ಪದವಿ ಪಡೆದ ಈ ಮನುಷ್ಯ ದಾರಿಯಲ್ಲಿ ಮಾತ್ರ ಎಲ್ಲಿಯೂ ನಿಲ್ಲಿಸುತ್ತಿರಲಿಲ್ಲ!

ಪ್ರತಿ ದಸರಾಕ್ಕೆ ಷಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ಸ್ನೇಹಿತರೊಬ್ಬರು ಗೊಂಬೆ ಕೂರಿಸುತ್ತಿದ್ದರು. ನಾನಾಗ ಆನ್ ಆರ್ಬರ್‌ನಲ್ಲಿ ಓದುತ್ತಿದ್ದೆ. ಹೋಗುವಾಗ ನನ್ನನ್ನು ಹತ್ತಿಸಿಕೊಂಡು, ಬರುವಾಗ ಇಳಿಸಿ ಅಕ್ಕ ಭಾವ ಮನೆ ಸೇರುತ್ತಿದ್ದರು. ಒಂದು ವರ್ಷ ವಾಪಸು ಹೊರಡುವ ದಿನವೇ ಆಯುಧಪೂಜೆ ಬಂತು. ಅಕ್ಕ ಮೋಟರ್‌ಹೋಮಿನ ಚಕ್ರಗಳಿಗೆಲ್ಲ ನಿಂಬೆಹಣ್ಣು ಇಟ್ಟು ಕಾರಿನ ಕಡೆ ನಡೆದಳು. ಭಾವ ತಡೆದರು.

"ಕಾರಿಗ್ಯಾಕೆ ಕಣೇ ನಿಂಬೆಹಣ್ಣು? ಅದೇನು ತಾನಾಗಿ ಹೋಗ್ತಾ ಇದ್ಯಾ? ನಾವು ಎಳ್ಕೊಂಡು ಹೋಗ್ತಾ ಇರೋದು."

"ಚಕ್ರ ತಿರುಗುತ್ತೆ ತಾನೆ?"

"ತಿರುಗುತ್ತೆ."

"ಹಾಗಾದ್ರೆ ನಿಂಬೆಹಣ್ಣು."

ಎಂಜಿನಿಯರ್ ಹೋಗಿ ಸ್ಟೀರಿಂಗ್ ಹಿಡಿದರು. ಬೀದಿಯ ಆ ತುದಿಯಲ್ಲಿ ನಾಯಿ ಹಿಡಿದು ನಿಂತಿದ್ದ ಅಮೆರಿಕನ್ ಮುದುಕರೊಬ್ಬರು ನಿಂಬೆಹಣ್ಣುಗಳು ಒಂದೊಂದಾಗಿ ಪಚಕ್ಕೆಂದು ಅಪ್ಪಚ್ಚಿಯಾಗುವುದನ್ನು ನೋಡಿ, ನಾವು ಯಾವುದೋ ಗಂಭೀರ ಪರೀಕ್ಷೆ ನಡೆಸುತ್ತಿದ್ದೇವೆಂದು ಟೋಪಿ ತೆಗೆದರು.

ಮಧ್ಯಾಹ್ನದ ಊಟಕ್ಕೆ ಮಾತ್ರ ಹೈವೇ ಪಕ್ಕದ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಲೇಬೇಕು. ಭಾವನವರಿಗೆ ಬಿಸಿ ಹುಳಿ ಅನ್ನ ಆಗಬೇಕಲ್ಲ! ಅಕ್ಕ ಕುಕ್ಕರ್ ಇಟ್ಟಳು. ಅದು ಬುಸ್ಸೆನ್ನತೊಡಗಿದ ಸ್ವಲ್ಪ ಹೊತ್ತಿಗೆ ಪಕ್ಕದ ಟ್ರಕ್ಕಿನ ಡ್ರೈವರ್ ಓಡಿಬಂದು ಬಾಗಿಲು ಬಡಿದ. "ನಿಮ್ಮ ಬ್ರೇಕಿನಿಂದ ಗಾಳಿ ಸೋರುತ್ತಿದೆ, ಹಾಗೇ ಹೊರಡಬೇಡಿ" ಎಂದು ಅವನ ಕಳಕಳಿ. ತಮ್ಮ ಬ್ರೇಕಿನ ಮೇಲೆ ಬಂದ ಈ ಅಪವಾದ ಭಾವನಿಂದ ಸಹಿಸಲಾದೀತೇ? ಅವನ ಕೈ ಹಿಡಿದು ಒಳಗೆ ಕರೆತಂದು, ಕುಕ್ಕರ್ ತೋರಿಸಿ, ಕೂರಿಸಿ ಬಡಿಸಿದರು. ಅವನು ಕಣ್ಣೀರು ಸುರಿಸುತ್ತ ಊಟ ಮಾಡಿದ. ಹುಳಿ ಅಷ್ಟು ಖಾರವಾಗಿತ್ತು.

ಇಷ್ಟು ನಗುತ್ತ ಹೇಳಿದೆ. ಇನ್ನು ಮುಂದಿನದನ್ನು ಹಾಗೆ ಹೇಳಲಾರೆ.

ಮಿಷಿಗನ್ ಗಡಿ ದಾಟಿದ ಮೇಲೆ ಹೈವೇ ಬದಿಯಲ್ಲಿ ಸೇಬಿನ ತೋಟಗಳು. ಹಣ್ಣು ನೀವೇ ಕಿತ್ತುಕೊಳ್ಳಿ ಎಂದು ಬೋರ್ಡು ಹಾಕಿರುತ್ತಾರೆ. ಎಲೆಗಳೆಲ್ಲ ಕೆಂಪು ಹಳದಿಯಾಗಿ ಉರಿಯುತ್ತಿರುವ ಕಾಲ ಬೇರೆ. ನಾವು ಚಿಕ್ಕವರಿದ್ದಾಗ ಮೈಸೂರಿನಲ್ಲಿ ಸೇಬು ಮನೆಗೆ ಬಂತೆಂದರೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಆಸ್ಪತ್ರೆಗೆ ಹೋಗುವವರ ಕೈಚೀಲದಲ್ಲಿ ಬಿಟ್ಟರೆ ನಾವು ಅದನ್ನು ಕಂಡದ್ದು ಕಡಿಮೆ. ಅಕ್ಕನಿಗೆ ಇದ್ದದ್ದು ಒಂದೇ ಆಸೆ: ಗಿಡದಲ್ಲಿ ತೂಗುವ ಸೇಬನ್ನು ತನ್ನ ಕೈಯಾರೆ ಕೀಳಬೇಕು.

"ರೀ, ಎಕ್ಸಿಟ್ ಬಂತು. ಈ ಸಲವಾದ್ರೂ ನಿಲ್ಲಿಸ್ರೀ."

"ಹಿಂದೆ ಕಾರಿದೆ ಕಣೇ. ಈ ಗಾಡಿ ಕಟ್ಕೊಂಡು ರಿವರ್ಸ್ ಹೋಗೋಕಾಗಲ್ಲ, ಸಲಾಕೆ ತಿರುಚ್ಕೊಳ್ಳುತ್ತೆ. ಒಳಗೆ ಮಣ್ಣಿನ ರಸ್ತೆ, ತಿರುಗಿಸೋಕೆ ಜಾಗ ಇಲ್ದಿದ್ರೆ?"

"ಕಾರು ಬಿಚ್ಚಿದ್ರಾಯ್ತು."

"ಕತ್ತಲಾಗುತ್ತೆ. ಮುಂದಿನ ವರ್ಷ ನೋಡೋಣ."

ಅಕ್ಕ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ಭಾವನ ಕಣ್ಣು ಕನ್ನಡಿಯಲ್ಲಿ, ಹಿಂದೆ ಬರುತ್ತಿರುವ ಕಾರಿನ ಮೇಲೆ. ಪ್ರತಿ ವರ್ಷ ಅದೇ ಬೋರ್ಡು, ಅದೇ ಮಾತು. ಒಂದೇ ಒಂದು ಸಲ ನಿಲ್ಲಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಆಮೇಲೊಂದು ವರ್ಷ ದಸರಾಕ್ಕೆ ಯಾರೂ ಲಿಸ್ಲ್‌ಗೆ ಹೋಗಲಿಲ್ಲ. ಅಕ್ಕ ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಮಾತನಾಡುವ ಧಾಟಿಯಿಂದಲೇ ನಮಗೆಲ್ಲ ತಿಳಿದುಹೋಗಿತ್ತು. ನೋಡಲು ಬಂದವರು ಮೈಸೂರಿನ ಅಭ್ಯಾಸದಂತೆ ಸೇಬು ತಂದು ಮೇಜಿನ ಮೇಲಿಡುತ್ತಿದ್ದರು. ಅಕ್ಕ ಅವನ್ನು ಮುಟ್ಟುತ್ತಲೂ ಇರಲಿಲ್ಲ.

ಒಂದು ಬೆಳಗ್ಗೆ ಭಾವ ಕಾಣೆ! ಸಂಜೆ ನರ್ಸ್ ಬಂದು, "ನಿಮ್ಮ ಯಜಮಾನರು ಪಾರ್ಕಿಂಗಿನಲ್ಲಿ ಮನೆ ತಂದು ನಿಲ್ಲಿಸಿದ್ದಾರೆ. ನೀವು ಕೆಳಗೆ ಬರಲೇಬೇಕಂತೆ" ಎಂದಳು. ಅಕ್ಕನಿಗೆ ಕಂಬಳಿ ಹೊದಿಸಿ, ಗಾಲಿ ಕುರ್ಚಿಯಲ್ಲಿ ಕೂರಿಸಿ ಕರೆದೊಯ್ದೆವು. ಭಾವ ಮೋಟರ್‌ಹೋಮಿನ ಬಾಗಿಲು ತೆರೆದರು. ಒಳಗೆ, ಒಲೆಯ ಪಕ್ಕದಲ್ಲಿ, ಅರ್ಧ ಪೀಪಾಯಿಯಲ್ಲಿ ಮಣ್ಣಿನ ಸಮೇತ ಒಂದು ಸೇಬಿನ ಗಿಡ! ತೋಟದವನನ್ನು ಅದೇನು ಕಾಡಿದರೋ, ಬೇರು ಸಹಿತ ಅಗೆಸಿ ತಂದಿದ್ದರು. ತಲೆ ಚಾವಣಿಗೆ ತಗುಲಿ ಬಾಗಿತ್ತು. ಎಲೆ ಅರ್ಧ ಉದುರಿತ್ತು. ಹಣ್ಣು ಮಾತ್ರ ಹಾಗೇ ಇತ್ತು.

ಭಾವ ಅಕ್ಕನನ್ನು ಎತ್ತಿ ಒಳಗೆ ಕೂರಿಸಿದರು. ಅಕ್ಕ ತುಂಬಾ ಹೊತ್ತು ಆರಿಸಿ, ಒಂದು ಹಣ್ಣನ್ನು ಮೆಲ್ಲಗೆ ತಿರುವಿ ಕಿತ್ತಳು. ಚಿಕ್ಕ ಹುಡುಗಿಯ ಹಾಗೆ ನಕ್ಕಳು.

"ಕಾರೆಲ್ಲಿ ರೀ?"

"ಮನೇಲೇ ಬಿಟ್ಟು ಬಂದೆ."

"ತೋಟದೊಳಗೆ ದಾರಿ ಹೇಗಿತ್ತು?"

ಭಾವ ಪೀಪಾಯಿಯ ಮಣ್ಣನ್ನು ಕೈಯಿಂದ ಒತ್ತಿದರು.

"ಒಳಗೆ ದೊಡ್ಡದೊಂದು ಸುತ್ತು ಇದೆ ಕಣೇ. ಬಸ್ಸುಗಳೇ ತಿರುಗ್ತವೆ. ಕಾರು ಕಟ್ಕೊಂಡೇ ಹೋಗಿ ಬರಬಹುದಿತ್ತು. ರಿವರ್ಸ್ ಬೇಕಾಗೇ ಇರ್ಲಿಲ್ಲ."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಕ್ಕ ಹಣ್ಣನ್ನು ಕಂಬಳಿಯ ಅಂಚಿನಲ್ಲಿ ಒರೆಸಿ, ಒಂದು ಚೂರು ಕಚ್ಚಿ, ಉಳಿದದ್ದನ್ನು ಅವರ ಕೈಗಿಟ್ಟಳು.

"ಹೋಗ್ಲಿ ಬಿಡಿ," ಎಂದಳು. "ಮುಂದಿನ ವರ್ಷ ಕಾರು ಕಟ್ಕೊಂಡೇ ಹೋಗೋಣ."

ಅಷ್ಟು ವರ್ಷ ಆ ಮಾತನ್ನು ಹೇಳುತ್ತ ಬಂದವರು ಭಾವ. ಅವತ್ತು ಅವರು ಅಕ್ಕ ಕಚ್ಚಿದ ಕಡೆಯಿಂದಲೇ ಹಣ್ಣನ್ನು ಕಚ್ಚಿದರು.