‘ಒಂಟಿ ದಾರಿ’ ತೋರಿಸಿದ ಆಪ್ ಮಹಾಶಯರಿಗೆ

ಮಾನ್ಯರೇ,

ನನ್ನ ಫೋನಿನ ಎರಡನೆಯ ಪುಟದಲ್ಲಿ, ಕ್ಯಾಲ್ಕುಲೇಟರಿಗೂ ಟಾರ್ಚಿಗೂ ನಡುವೆ ವಿರಾಜಮಾನರಾಗಿ ಸೈಕಲ್ ಸವಾರರಿಗೆ ದಾರಿ ತೋರಿಸುವ ತಮಗೆ ಗೌರವಪೂರ್ವಕ ವಂದನೆಗಳು. ತಾವು ಕುಶಲವೆಂದೂ, ಆಕಾಶದಲ್ಲಿರುವ ತಮ್ಮ ಉಪಗ್ರಹಗಳು ಸೌಖ್ಯವೆಂದೂ, ಗುಡ್ಡದ ತಿರುವಿನಲ್ಲಿ ನಾನು ನಿಂತು ಬೇಡಿಕೊಂಡಾಗ ಮಾತ್ರ ಮಾಯವಾಗುವ ತಮ್ಮ ನೀಲಿ ಚುಕ್ಕೆ ಉಳಿದೆಲ್ಲ ಹೊತ್ತಿನಲ್ಲೂ ಬೆಳಗುತ್ತಿದೆಯೆಂದೂ ಭಾವಿಸುತ್ತೇನೆ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ನಮ್ಮ ಮನೆಯ ನಾಲ್ವರಲ್ಲಿ ಮೂವರು ಕ್ಷೇಮ.

ನನ್ನ ಪರಿಚಯ ತಮಗೆ ಇದ್ದೇ ಇದೆ. ತೂಕ, ಎತ್ತರ, ಏರು ಹತ್ತುವಾಗಿನ ಎದೆಬಡಿತ ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆಯೇ ತಾವು ನನ್ನನ್ನು ಒಳಗೆ ಬಿಟ್ಟದ್ದು. ಹೆಣ್ಣು ಕೊಡುವ ಮುಂಚೆ ನನ್ನ ಅತ್ತೆ ಕೂಡ ಇಷ್ಟು ವಿಚಾರಿಸಿರಲಿಲ್ಲ. ಆದರೂ ಈ ಪತ್ರ ಬಹಿರಂಗವಾದ್ದರಿಂದ ಉಳಿದವರಿಗಾಗಿ ಹೇಳುತ್ತೇನೆ. ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವನು. ವಾರವಿಡೀ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ಗಾಜು ಬದಲಿಸುತ್ತಾ, ಇದರಲ್ಲಿ ಚೆನ್ನಾಗಿ ಕಾಣುತ್ತದೋ ಅದರಲ್ಲೋ ಎಂದು ಕೇಳುತ್ತೇನೆ. ಭಾನುವಾರ ದಪ್ಪ ಚಕ್ರದ ಬೆಟ್ಟದ ಸೈಕಲ್ ಹತ್ತಿ, ಕಲ್ಲು, ಬೇರು, ಕೊರಕಲುಗಳ ಮೇಲೆ ದಡಬಡ ಇಳಿದು, ಮೊಣಕಾಲು ತರಚಿಸಿಕೊಂಡು ಪರಮಾನಂದ ಪಡುತ್ತೇನೆ. ನನ್ನ ಹೆಂಡತಿ ಅಚ್ಚುಮನೆಯೊಂದರಲ್ಲಿ ಕರಡು ತಿದ್ದುತ್ತಾಳೆ. ಕಾಗದದ ಮೇಲಿನ ಪದ ಏನು ಹೇಳುತ್ತದೋ ಅದೇ ಅದರ ಅರ್ಥ, ಬರೆದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನ ಖಾಸಗಿ ವಿಷಯ ಎಂದು ನಂಬಿದವಳು. ಮನೆಯ ಫೋನುಗಳೆಲ್ಲ ಕನ್ನಡದಲ್ಲೇ ಇರತಕ್ಕದ್ದು ಎಂಬುದು ಅವಳ ಕಟ್ಟಪ್ಪಣೆಯಾದ್ದರಿಂದ ತಾವೂ ನನ್ನೊಡನೆ ಕನ್ನಡದಲ್ಲೇ ವ್ಯವಹರಿಸುತ್ತೀರಿ. ಎಡವಟ್ಟಿನ ಬೇರು ಅಲ್ಲಿದೆ.

ಈ ಸಲದ ರಜೆಗೆ ನಾನು, ಹೆಂಡತಿ, ಅತ್ತೆ ಮತ್ತು ಹತ್ತು ವರ್ಷದ ಮಗಳು ಗುಡ್ಡಗಳ ನಡುವಿನ ಊರೊಂದರಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಕಾರಿನ ಹಿಂದೆ ನನ್ನ ಸೈಕಲ್ಲನ್ನೂ ಮಗಳ ಸೈಕಲ್ಲನ್ನೂ ಕಟ್ಟಿದ್ದೆವು. ಅವಳನ್ನು ಬೆಟ್ಟದ ದಾರಿಗೆ ಕರೆದೊಯ್ಯುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಆ ಮಾತಿನ ಬಲದ ಮೇಲೆಯೇ ನನ್ನ ಸೈಕಲ್ಲಿಗೂ ಜಾಗ ಸಿಕ್ಕಿದ್ದು. ಹೊರಡುವಾಗ ಹೆಂಡತಿ ಹೇಳಿದ್ದು ಇಷ್ಟೇ: “ನೀವು ನಮ್ಮ ಜೊತೆ ರಜೆಗೆ ಬರ್ತಿದೀರಿ. ನಾವು ನಿಮ್ಮ ಸೈಕಲ್ ಜೊತೆ ಬರ್ತಿಲ್ಲ, ನೆನಪಿರಲಿ.” ಆಗ ತಾವು ನನ್ನ ಜೇಬಿನಲ್ಲೇ ಇದ್ದಿರಿ, ಕೇಳಿಸಿಕೊಂಡಿರಬೇಕು.

ಮೊದಲ ಬೆಳಿಗ್ಗೆ ನಾನು ಕೇಳಿದ್ದು ಮಗುವಿಗೆ ಒಗ್ಗುವ ದಾರಿ. ತಾವು ಉದಾರ ಮನಸ್ಸಿನಿಂದ ‘ಅತಿ ಸುಲಭ’ ಎಂಬ ಹಸಿರು ಗೆರೆಯೊಂದನ್ನು ದಯಪಾಲಿಸಿದಿರಿ. ದಾರಿ ಹೇಗಿದೆಯೆಂದು ಮೊದಲು ನೋಡಿಕೊಂಡು ಬರುತ್ತೇನೆ, ಆಮೇಲೆ ನಿನ್ನನ್ನು ಕರೆದೊಯ್ಯುತ್ತೇನೆ ಎಂದು ಮಗಳಿಗೆ ಹೇಳಿ ಹೊರಟೆ. ಆ ಗೆರೆ ಪಂಕ್ಚರ್ ಅಂಗಡಿಯ ಹಿಂದಿನಿಂದ ಹಾದು, ಯಾರದೋ ಹಿತ್ತಲಲ್ಲಿ ಒಣಗಲು ಹಾಕಿದ ಬೆಡ್‌ಶೀಟುಗಳ ನಡುವೆ ನುಸುಳಿ, ಹೋಟೆಲೊಂದರ ಅಡುಗೆಮನೆಯ ಹಿಂಬಾಗಿಲಿನಲ್ಲಿ ಸಮಾಪ್ತಿಗೊಂಡಿತು. ಅಡುಗೆಯವನು ಸೌಟು ಹಿಡಿದೇ ಹೊರಗೆ ಬಂದು, “ಇಷ್ಟೊತ್ತಿಗಾ ಬರೋದು? ಮೊಟ್ಟೆ ಎಲ್ಲಿ?” ಎಂದು ಗದರಿದ. ಅದೇ ಕ್ಷಣಕ್ಕೆ ತಾವು ನನ್ನ ಜೇಬಿನಲ್ಲಿ ಟಿಣ್ ಎಂದು ಸದ್ದು ಮಾಡಿ, ನಾನು ಶಿಖರ ತಲುಪಿದ್ದಕ್ಕಾಗಿ ಅಭಿನಂದಿಸಿದಿರಿ. ಸಮಯಸ್ಫೂರ್ತಿ ಎಂದರೆ ಹೀಗಿರಬೇಕು. ಹಿಂದಿರುಗಿದಾಗ ಮಗಳು ಹೆಲ್ಮೆಟ್ ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತಿದ್ದಳು. ನಾಳೆ ಖಂಡಿತ ಎಂದೆ.

ಮಾರನೆಯ ದಿನ ತಾವು ಸೂಚಿಸಿದ ದಾರಿಯ ವಿವರದಲ್ಲಿ ‘ಮೇಲಿನಿಂದ ಕೆಳಗಿನವರೆಗೂ ಸೊಗಸಾದ ಹರಿವು’ ಎಂದಿತ್ತು. ಸೈಕಲ್ಲು ಎಲ್ಲೂ ತಡೆಯದೆ ತನ್ನಷ್ಟಕ್ಕೆ ಸಾಗುವ ದಾರಿಗೆ ಸವಾರರು ಹಾಗೆನ್ನುತ್ತಾರೆಂದು ನನಗೆ ಗೊತ್ತು. ಆದರೆ ಅದನ್ನು ಓದಿದ್ದು ಹೆಂಡತಿ, ಕೇಳಿದ್ದು ಅತ್ತೆ. ಅತ್ತೆ ಟವೆಲುಗಳನ್ನೂ ಬದಲಿ ಬಟ್ಟೆಯನ್ನೂ ಸೋಪಿನ ಡಬ್ಬಿಯನ್ನೂ ಚೀಲಕ್ಕೆ ತುಂಬಿಕೊಂಡು, ಕಾಲು ಇಳಿಬಿಟ್ಟು ಕೂರಲು ನೀರು ಸಿಗುವುದೆಂಬ ಹಿಗ್ಗಿನಲ್ಲಿ ಬಂದರು. ಬೆಂಗಾಡಿನಂಥ ಗುಡ್ಡದ ನೆತ್ತಿಯಲ್ಲಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಂತು, “ಅಳಿಯಂದ್ರೇ, ಹರಿಯೋದು ಎಲ್ಲಿ?” ಎಂದು ಅವರು ಕೇಳಿದಾಗ ನನ್ನ ಬೆನ್ನಿನ ಮೇಲೆ ಮಾತ್ರ ಏನೋ ಹರಿಯುತ್ತಿತ್ತು. ಅತ್ತೆಯ ಕಾಲುನೋವಿನಿಂದಾಗಿ ಎಲ್ಲರೂ ವಾಪಸ್ಸು. ಮಗಳ ಸೈಕಲ್ಲು ಕಾರಿನಿಂದ ಕೆಳಗಿಳಿಯಲೇ ಇಲ್ಲ.

ಇಷ್ಟಾದರೂ ನಾನು ತಮ್ಮ ಮೇಲಿನ ಭಕ್ತಿಯನ್ನು ಬಿಡಲಿಲ್ಲ. ಊಟದ ಮೇಜಿನ ಕೆಳಗೆ ಫೋನು ಹಿಡಿದು ಹುಡುಕಿದೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹುಡುಕಿದೆ. ಎಲ್ಲವೂ ಮಗುವಿಗಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಹುಡುಕುತ್ತಾ ಹುಡುಕುತ್ತಾ ಮಗುವಿಗೆ ಒಗ್ಗುವ ದಾರಿ ಎಂಬ ಗುಂಡಿ ಬಿಟ್ಟು ಇನ್ನೊಂದನ್ನು ಒತ್ತಿದೆ. ಒಂದು ಸೈಕಲ್ಲಿನಷ್ಟೇ ಅಗಲವಿರುವ ಕಿರಿದಾದ ಕಾಲುಹಾದಿಯೇ ನಮ್ಮಂಥವರಿಗೆ ಸ್ವರ್ಗ. ಅದಕ್ಕೆ ತಾವು ಇಟ್ಟಿರುವ ಹೆಸರು ‘ಒಂಟಿ ದಾರಿ’.

ಮೂರನೆಯ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ, ಮೇಜಿನ ಮೇಲೆ ಅಂಗಾತ ಮಲಗಿದ್ದ ಫೋನಿನಲ್ಲಿ ತಮ್ಮ ಸಂದೇಶ ಬೆಳಗಿತು. ಹೆಂಡತಿ ಅದನ್ನು ಎತ್ತಿಕೊಂಡು, ಕರಡು ಓದುವ ಸ್ಪಷ್ಟ ದನಿಯಲ್ಲಿ ಓದಿದಳು: ‘ಸಂತಸದ ಸುದ್ದಿ! ನೀವು ಬಯಸಿದ ಒಂಟಿ ದಾರಿ ಸಮೀಪದಲ್ಲೇ ಇದೆ. ಈಗಲೇ ಹೊರಡಿ.’ ಅವಳು ಕೂಗಾಡಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. “ಇದರಲ್ಲಿ ಅಚ್ಚಿನ ತಪ್ಪೇನಾದ್ರೂ ಇದೆಯಾ, ಇಲ್ಲಾ ಹೀಗೇ ಬಿಡ್ಲಾ?” ಎಂದು ಕೇಳಿದಳು. ನಾನು ಗಡಿಬಿಡಿಯಲ್ಲಿ, ಹಾಗಲ್ಲ, ಒಬ್ಬರಿಗೆ ಮಾತ್ರ ಜಾಗವಿರುವ ದಾರಿ ಎಂದು ಅದರ ಅರ್ಥ ಎಂದು ವಿವರಿಸಿದೆ. ಬಾಯಿಂದ ಹೊರಟ ಮೇಲೆ ಆ ವಿವರಣೆ ನನಗೇ ಕೇಳಿಸಿತು. “ಅರ್ಥ ಆಯ್ತು ಬಿಡಿ,” ಎಂದು ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಗಳು ಹೆಲ್ಮೆಟ್ಟನ್ನು ಗೂಟಕ್ಕೆ ನೇತುಹಾಕಿ ಅಜ್ಜಿಯ ಪಕ್ಕ ಹೋಗಿ ಕೂತಳು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಬೆಟ್ಟಗಳ ಏರುಪೇರನ್ನು ಗೆರೆ ಎಳೆದು ತೋರಿಸುವ ತಾವು, ಊಟದ ಮೇಜಿನಿಂದ ಅಡುಗೆಮನೆಯ ಬಾಗಿಲಿನವರೆಗಿನ ಏರನ್ನೂ ದಯವಿಟ್ಟು ನಕ್ಷೆಯಲ್ಲಿ ಸೇರಿಸಬೇಕು. ನಾನು ಎಷ್ಟು ಸಲ ಪ್ರಯತ್ನಿಸಿದರೂ ಅರ್ಧದಲ್ಲೇ ಉಸಿರು ಕಟ್ಟುತ್ತದೆ. ಹೋಗುವಾಗಲೂ ಬರುವಾಗಲೂ ಇಳಿಜಾರೇ ಇರುವ, ಎರಡು ಸೈಕಲ್ಲುಗಳೂ ಚೀಲ ಹೊತ್ತ ಒಬ್ಬ ಅತ್ತೆಯೂ ಸಾಲಾಗಿ ನಿಲ್ಲಬಹುದಾದ, ಕೊನೆಯಲ್ಲಿ ನಿಜವಾಗಿಯೂ ನೀರಿರುವ ಒಂದು ದಾರಿಯನ್ನು ರಜೆ ಮುಗಿಯುವುದರೊಳಗೆ ನಿರ್ಮಿಸಿಕೊಡಬೇಕು. ಆಗದಿದ್ದರೆ ಗುಡ್ಡವನ್ನಾದರೂ ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಹೋಟೆಲಿನವನಿಗೆ ಮೊಟ್ಟೆ ಕಳುಹಿಸಿಕೊಟ್ಟರೂ ಸಂತೋಷ.

ಇನ್ನು ಮುಖ್ಯ ದೂರು. ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ದಿಂಬಿನ ಪಕ್ಕ ತಾವಿಲ್ಲ. ಹೊರಗೆ ನನ್ನ ಸೈಕಲ್ಲಿಲ್ಲ, ಮಗಳದ್ದೂ ಇಲ್ಲ. ಅಂಗಳದಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ, ಅಮ್ಮ ಮಗಳು ತಮ್ಮ ಮಾರ್ಗದರ್ಶನದಲ್ಲಿ ಆ ಒಂಟಿ ದಾರಿಗೇ ಹೋಗಿದ್ದಾರೆಂದು ತಿಳಿಸಿದರು. ನಾನು ಗೇಟಿಗೂ ಬಾಗಿಲಿಗೂ ಓಡಾಡಿದೆ. “ಕೂತ್ಕೊಳ್ಳಿ ಅಳಿಯಂದ್ರೇ,” ಎಂದರು ಅತ್ತೆ, ನನ್ನ ಮುಂದೆ ಒಂದು ಬೊಗಸೆ ಬಟಾಣಿ ಸುರಿದು. “ಕಾಯೋದಕ್ಕೂ ಅಭ್ಯಾಸ ಬೇಕು. ನಮಗೆಲ್ಲ ಇದೆ.” ನಾನು ಸುಲಿದೆ.

ಅವರು ಬಂದರು. ಇಬ್ಬರ ಮೊಣಕಾಲಿನವರೆಗೂ ಕೆಸರು, ಮಗಳ ಮೊಣಕೈ ತರಚಿತ್ತು, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. “ಅಪ್ಪಾ, ಅಮ್ಮ ಆ ತಿರುವಲ್ಲಿ ಬ್ರೇಕೇ ಹಿಡೀಲಿಲ್ಲ ಗೊತ್ತಾ!” ಎಂದಳು ಮಗಳು. ನಿನಗೆ ಸೈಕಲ್ ಬರುತ್ತದೆಂದು ಗೊತ್ತೇ ಇರಲಿಲ್ಲ ಎಂದು ನಾನು ಹೆಂಡತಿಗೆ ಹೇಳಿದೆ. “ಮದುವೆಗೆ ಮುಂಚೆ ಪ್ರೆಸ್ಸಿಗೆ ಸೈಕಲ್ಲಲ್ಲೇ ಹೋಗ್ತಿದ್ದೆ. ನೀವು ಯಾವತ್ತು ಕೇಳಿದ್ರಿ?” ಎಂದಳು. ಅಷ್ಟು ಕಿರಿದಾದ ದಾರಿಯಲ್ಲಿ ಇಬ್ಬರು ಹೇಗೆ ಹೋದಿರಿ ಎಂದು ಕೇಳಿದೆ. ಅವಳು ನನ್ನನ್ನು, ನಾನು ಅಂಗಡಿಯಲ್ಲಿ ದಪ್ಪ ಗಾಜಿನ ಗಿರಾಕಿಗಳನ್ನು ನೋಡುವ ಹಾಗೆ ನೋಡಿ, “ಒಬ್ಬರ ಹಿಂದೆ ಒಬ್ರು,” ಎಂದಳು.

ಹೊಟ್ಟೆಕಿಚ್ಚಾಯಿತೆಂದು ತಮ್ಮೆದುರು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ಎದೆಬಡಿತ ತಮಗೆ ಹೇಗೂ ಗೊತ್ತಾಗುತ್ತದೆ. ಮಗಳ ಮೊದಲ ಬೆಟ್ಟವನ್ನು ನಾನು ನೋಡಲಿಲ್ಲ, ಆ ತಿರುವು ಎಡಕ್ಕಿತ್ತೋ ಬಲಕ್ಕಿತ್ತೋ ಗೊತ್ತಿಲ್ಲ, ಇನ್ನು ಜನ್ಮವಿಡೀ ಅವರಿಬ್ಬರೂ ಅದರ ಮಾತಾಡುವಾಗ ನಾನು ನಗುವುದಷ್ಟೇ. ಅವರ ಇಡೀ ಸವಾರಿಯನ್ನು ತಾವು ನನ್ನ ಹೆಸರಿನಲ್ಲಿ ದಾಖಲಿಸಿದ್ದೀರಿ. ಅದನ್ನು ಕೂಡಲೇ ಸರಿಪಡಿಸಬೇಕೆಂದು ಪ್ರಾರ್ಥನೆ.

ಹಸಿರು ಗೆರೆಗಳನ್ನು ಇನ್ನೂ ನಂಬುವ, ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮಿಂದ ಇನ್ನೊಂದು ಸಂದೇಶ ಬಂದಿದೆ. ನಿನ್ನೆಯದು ಇದುವರೆಗಿನ ನನ್ನ ಅತ್ಯುತ್ತಮ ಸವಾರಿ ಎಂದು ಕೊಂಡಾಡಿ, ಈ ದಿಢೀರ್ ಸುಧಾರಣೆಯ ಗುಟ್ಟನ್ನು ಇತರ ಸವಾರರೊಡನೆ ಹಂಚಿಕೊಳ್ಳಬೇಕೆಂದು ಕೋರಿದ್ದೀರಿ. ಧಾರಾಳವಾಗಿ ಹಂಚಬಹುದು. ನಾನು ಹೋಗಿರಲಿಲ್ಲ.