ಅಂಗಡಿಯಲ್ಲಿ ಕೂರುತ್ತೆ, ಮನೆಯಲ್ಲಿ ಕೂರಲ್ಲ!

“ಒಂದು ಹಬ್ ಬಿಚ್ಚಿ ಜೋಡಿಸೋದಕ್ಕೆ ಮೆಕ್ಯಾನಿಕ್ ಯಾಕೆ ಮಾವ? ನಾನು ಬದುಕಿಲ್ವಾ?”

ಹೀಗೆಂದು ಎದೆ ತಟ್ಟಿಕೊಂಡವರು ನಮ್ಮ ಅಳಿಯರಾಯರು. ವೃತ್ತಿಯಿಂದ ಡ್ರೈಕ್ಲೀನಿಂಗ್ ಅಂಗಡಿಯ ಮಾಲೀಕರು. ಕೋಟಿನ ಮೇಲಿನ ಶಾಯಿಯಾಗಲಿ, ಸೀರೆಯ ಮೇಲಿನ ಎಣ್ಣೆಯಾಗಲಿ, ತಮ್ಮ ಹೆಸರು ಕೇಳಿದರೆ ಸಾಕು, ಗಂಟುಮೂಟೆ ಕಟ್ಟಿ ಹೊರಡುತ್ತದೆ ಎಂಬುದು ಅವರದೇ ಅಭಿಪ್ರಾಯ. ಆದರೆ ಮಾವನ ಹಳೆಯ ಜೀಪಿನಲ್ಲಿ ಮಾತ್ರ ಅವರು ಬರೀ ಪ್ರಯಾಣಿಕ. ಮದುವೆಯಾದಂದಿನಿಂದ ಮಾವ ಅದರ ಸ್ಟೀರಿಂಗನ್ನು ಇವರಿಗೆ ಒಂದು ಸಲವೂ ಮುಟ್ಟಗೊಟ್ಟಿರಲಿಲ್ಲ. “ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ ಅಳಿಯಂದಿರೇ” ಎಂದು ನಯವಾಗಿ ಹಿಂದಕ್ಕೆ ಅಟ್ಟುತ್ತಿದ್ದರು. ಮುಂದಿನ ಸೀಟು ಮಗಳಿಗೆ, ಅಂದರೆ ಅಳಿಯರಾಯರ ಹೆಂಡತಿಗೆ ಮೀಸಲು. ಈ ಅವಮಾನ ನುಂಗಿ ನುಂಗಿ ಅವರಿಗೆ ಅಜೀರ್ಣವಾಗಿತ್ತು.

ಈಗ ಅವಕಾಶ ತಾನಾಗಿ ಮನೆಬಾಗಿಲಿಗೆ ಬಂದಿತ್ತು. ಆ ಜೀಪಿನ ಮುಂದಿನ ಚಕ್ರಗಳ ನಟ್ಟನಡುವೆ ಒಂದೊಂದು ಲಾಕಿಂಗ್ ಹಬ್. ಕೆಸರು ಸಿಕ್ಕಿದರೆ ಇಳಿದು, ಹಬ್ಬಿನ ಡಯಲನ್ನು ಕೈಯಲ್ಲಿ ತಿರುಗಿಸಬೇಕು. ಆಗ ಮುಂದಿನ ಚಕ್ರಗಳೂ ಗಾಡಿಯನ್ನು ಎಳೆಯುತ್ತವೆ. ಒಳಗೆ ನೀರು ಸೇರಿ ಗ್ರೀಸೆಲ್ಲ ಕೆಟ್ಟು, ಡಯಲುಗಳು ಜಪ್ಪಯ್ಯ ಎಂದರೂ ಅಲ್ಲಾಡುತ್ತಿರಲಿಲ್ಲ.

ಮಾವ ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದರು. “ಜೀಪು ಇಲ್ಲೇ ಇರಲಿ, ಭಾನುವಾರ ಸಂಜೆ ಬರ್ತೀನಿ. ಡಯಲು ಎರಡೇ ಬೆರಳಲ್ಲಿ ತಿರುಗಿದ್ರೆ, ಅವತ್ತು ಜೀಪು ನೀವೇ ಓಡಿಸಿ.”

ಅಳಿಯರಾಯರಿಗೆ ಸಾಮ್ರಾಜ್ಯವೇ ಸಿಕ್ಕಂತಾಯಿತು!

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಹಬ್ಬುಗಳನ್ನು ಬಿಚ್ಚಿದರು. ಸ್ಪ್ರಿಂಗು, ಹಲ್ಲುಚಕ್ರ, ಬೋಲ್ಟು, ಎಲ್ಲವನ್ನೂ ಅಂಗಡಿಯಿಂದ ತಂದ ಬಟ್ಟೆ ತೊಳೆಯುವ ದ್ರಾವಣದಲ್ಲಿ ಅದ್ದಿ ತೆಗೆದರು. ಕಬ್ಬಿಣ ಹೊಸ ಪಾತ್ರೆಯ ಹಾಗೆ ಫಳಫಳ! ಕೆಟ್ಟಿದ್ದದ್ದು ಒಂದೇ: ನೀರು ಒಳಗೆ ಹೋಗದಂತೆ ಡಯಲಿನ ಸುತ್ತ ಕೂರುವ ರಬ್ಬರ್ ರಿಂಗು. ಎರಡೂ ಸೀಳಿಹೋಗಿದ್ದವು.

ಡಯಲುಗಳನ್ನು ಚೀಲಕ್ಕೆ ಹಾಕಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದರು. ಅಂಗಡಿಯವನು ಹೊಸ ರಿಂಗುಗಳನ್ನು ತೆಗೆದು ಅಲ್ಲೇ ತೊಡಿಸಿ ತೋರಿಸಿದ. ಅಳತೆ ತೆಗೆದು ಹೊಲಿಸಿದಂತೆ ಕೂತವು. ಅಳಿಯರಾಯರು ಮನೆಗೆ ಬಂದರು. ಅಂಗಡಿಯವನ ಕೈಯ ಜಿಡ್ಡು ತಗುಲಿದ ರಿಂಗನ್ನು ಹಾಗೇ ಹಾಕಲು ಅವರೇನು ಸಾಮಾನ್ಯರೇ? ಬಟ್ಟಲಿನ ದ್ರಾವಣದಲ್ಲಿ ನೆನೆಹಾಕಿ ಊಟಕ್ಕೆ ಕೂತರು. ಊಟ ಮುಗಿಸಿ, ಒಂದು ಕೋಳಿನಿದ್ದೆ ತೆಗೆದು, ಎದ್ದು ಬಂದು ರಿಂಗು ತೊಡಿಸಿದರೆ...

ಕೂರಲಿಲ್ಲ! ಈ ಕಡೆ ಒತ್ತಿದರೆ ಆ ಕಡೆ ಏಳುತ್ತದೆ. ಆ ಕಡೆ ಒತ್ತಿದರೆ ಈ ಕಡೆ ಹೊಟ್ಟೆ ಉಬ್ಬಿಸುತ್ತದೆ. ಬಲವಂತವಾಗಿ ತುರುಕಿ ಡಯಲು ಹಾಕಿದರೆ, ಅದು ಸತ್ಯಾಗ್ರಹಕ್ಕೆ ಕೂತಂತೆ ಕೂತಿತು.

“ಮೋಸ ಕಣೇ! ತೋರಿಸಿದ್ದು ಒಂದು, ಕಟ್ಟಿಕೊಟ್ಟಿದ್ದು ಇನ್ನೊಂದು!” ಎಂದು ಕೂಗಿದರು.

“ನಿಮ್ಮ ಕಣ್ಣೆದುರಿಗೇ ಅಲ್ವೇನ್ರೀ ಕಟ್ಟಿದ್ದು?” ಎಂದಳು ಹೆಂಡತಿ, ಗಿರಾಕಿಯೊಬ್ಬರ ಪ್ಯಾಂಟಿಗೆ ಗುಂಡಿ ಹಾಕುತ್ತಾ.

ಅದೇ ತಲೆ ಕೆಡಿಸಿದ ಪ್ರಶ್ನೆ. ರಾತ್ರಿಯಿಡೀ ರಿಂಗುಗಳು ಕಿಟಕಿಯ ಮೇಲೆ ಗಾಳಿಗೆ ಬಿದ್ದಿದ್ದವು. ಭಾನುವಾರ ಬೆಳಿಗ್ಗೆ ಅವನ್ನೇ ಜೇಬಿಗೆ, ಡಯಲುಗಳನ್ನು ಚೀಲಕ್ಕೆ ಹಾಕಿಕೊಂಡು ಜಗಳಕ್ಕೆ ಹೊರಟರು.

“ಏನಯ್ಯಾ, ಇದು ಕೂರುತ್ತೇನು?”

ಅಂಗಡಿಯವನು ತೊಡಿಸಿದ. ತಕರಾರಿಲ್ಲದೆ ಕೂತಿತು. “ಕೂತಿದೆಯಲ್ಲ ಸಾರ್!”

ಅಳಿಯರಾಯರು ಕಣ್ಣುಜ್ಜಿಕೊಂಡು ನೋಡಿದರು. “ಮನೇಲಿ ಕೂರಲ್ಲಪ್ಪಾ...”

“ಹಾಗಾದ್ರೆ ಮನೆ ಬದಲಾಯಿಸಿ ಸಾರ್!”

ಮನೆಗೆ ಬಂದರು. ಅಂಗಡಿಯವನು ಮತ್ತೆ ಮುಟ್ಟಿದ್ದನಲ್ಲ! ಮತ್ತೆ ದ್ರಾವಣ, ಮತ್ತೆ ಊಟ. ಮತ್ತೆ ಕೂರಲಿಲ್ಲ! ಅಳಿಯರಾಯರಿಗೆ ಈಗ ನಿಜವಾಗಿಯೂ ಭಯವಾಯಿತು. ದಾರಿಯ ಬಿಸಿಲಿಗೆ ರಬ್ಬರು ಹಿಗ್ಗುತ್ತದೆಯೇ? ಮನೆಯ ನೆರಳಿಗೆ ಕಬ್ಬಿಣ ಕುಗ್ಗುತ್ತದೆಯೇ? ಅಥವಾ ಜೀಪೂ ಮಾವನ ಕಡೆಗೇ ಸೇರಿಕೊಂಡು ತನ್ನ ಮೇಲೆ ಹಟ ಸಾಧಿಸುತ್ತಿದೆಯೇ? ಚಾಪೆಯ ಮೇಲೇ ಜಾಗ ಬದಲಿಸಿದರು, ದಿಕ್ಕು ಬದಲಿಸಿದರು, ಕೊನೆಗೆ ಕನ್ನಡಕ ತೆಗೆದೂ ಪ್ರಯತ್ನಿಸಿದರು. ಸಂಜೆ ಹತ್ತಿರವಾಗುತ್ತಿತ್ತು. ಸ್ಟೀರಿಂಗು ದೂರವಾಗುತ್ತಿತ್ತು. ಅಳು ಬರುವುದೊಂದು ಬಾಕಿ.

ಗಂಡನ ಮುಖ ನೋಡಲಾರದೆ ಹೆಂಡತಿ ಸೂಜಿ ಕೆಳಗಿಟ್ಟಳು. “ರೀ, ಅಂಗಡಿಯಿಂದ ತಂದ ಮೇಲೆ ಇದಕ್ಕೆ ಏನು ಮಾಡ್ತೀರಿ?”

“ಏನೂ ಇಲ್ಲ. ಶುದ್ಧವಾಗಿ ತೊಳೀತೀನಿ, ಅಷ್ಟೇ.”

“ಯಾವುದರಲ್ಲಿ?”

“ಇನ್ಯಾವುದರಲ್ಲಿ? ನಮ್ಮ ದ್ರಾವಣದಲ್ಲಿ!”

ಅವಳು ಹಣೆ ಚಚ್ಚಿಕೊಂಡಳು. “ಆ ದಪ್ಪ ಗಿರಾಕಿಯ ಎಲಾಸ್ಟಿಕ್ ಪ್ಯಾಂಟು ಇದರಲ್ಲೇ ತೊಳೆದಿರಲ್ಲ, ಏನಾಯ್ತು?”

ಅಳಿಯರಾಯರಿಗೆ ನೆನಪಾಯಿತು. ಸೊಂಟದ ರಬ್ಬರು ಹಿಗ್ಗಿ, ಗಿರಾಕಿ ಅಂಗಡಿಯ ಬಾಗಿಲು ದಾಟುವಷ್ಟರಲ್ಲಿ ಪ್ಯಾಂಟು ಮಂಡಿ ದಾಟಿತ್ತು!

“ಅಂದ್ರೆ... ಬಟ್ಟಲಲ್ಲಿ ಹಿಗ್ಗುತ್ತೆ, ಗಾಳಿಗೆ ಒಣಗಿ ಕುಗ್ಗುತ್ತೆ, ಅಂಗಡೀಲಿ ಕೂರುತ್ತೆ...”

“ಮನೆಗೆ ಬಂದ್ರೆ ನೀವು ಮತ್ತೆ ಮುಳುಗಿಸ್ತೀರಿ! ಇವು ಇನ್ನು ಬೇಡ. ಹೋಗಿ ಹೊಸ ಜೊತೆ ತನ್ನಿ. ಪೊಟ್ಟಣ ಬಿಚ್ಚದೆ ನನ್ನ ಕೈಗೆ ಕೊಡಿ. ಆ ಬಟ್ಟಲು ಹಬ್ಬಿನ ಹತ್ತಿರ ಸುಳೀಬಾರದು!”

ಅಂಗಡಿಯವನು ಈ ಸಲ ಏನನ್ನೂ ಕೇಳದೆ, ಸ್ವಲ್ಪ ಹಿಂದಕ್ಕೆ ಸರಿದು ನಿಂತು ಪೊಟ್ಟಣ ಕೊಟ್ಟ. ಹೆಂಡತಿ ರಿಂಗುಗಳಿಗೆ ಬೆರಳಲ್ಲಿ ತೆಳ್ಳಗೆ ಗ್ರೀಸು ಸವರಿ, ತಿರುಚದೆ ಕೂರಿಸಿದಳು. ಹಬ್ಬುಗಳನ್ನು ಚಕ್ರಕ್ಕೆ ಸೇರಿಸಿ ಇಬ್ಬರೂ ಬೋಲ್ಟು ಬಿಗಿದರು. ಡಯಲು ಬೆಣ್ಣೆಯಂತೆ ತಿರುಗಿತು! ಅವಳು ಕೈ ತೊಳೆಯಲು ಒಳಗೆ ಹೋದಳು. ಅಳಿಯರಾಯರಿಗೆ ಸಂತೋಷ ತಡೆಯಲಾಗಲಿಲ್ಲ. ಬಟ್ಟಲಿನಲ್ಲಿ ಇನ್ನೂ ದ್ರಾವಣವಿತ್ತು. ಹಬ್ಬಿನ ಹತ್ತಿರ ತಾನೇ ಹೋಗಬಾರದು? ಬಟ್ಟೆ ಅದ್ದಿಕೊಂಡು ಜೀಪಿನ ಒಳಗೆ ಹತ್ತಿದರು. ಗಾಜು ಒರೆಸಿದರು, ಬಾಗಿಲು ಒರೆಸಿದರು, ಹತ್ತಲಿರುವ ಸಿಂಹಾಸನದ ಮುಂದಿನ ಸ್ಟೀರಿಂಗನ್ನಂತೂ ಭಕ್ತಿಯಿಂದ ಮತ್ತೆ ಮತ್ತೆ ಒರೆಸಿದರು.

ಮಾವ ಬಂದರು. ಬಗ್ಗಿ ಎರಡೇ ಬೆರಳಿಟ್ಟು ತಿರುಗಿಸಿದರು. ಟಕ್! ಇನ್ನೊಂದು ಕಡೆ ಹೋಗಿ ತಿರುಗಿಸಿದರು. ಟಕ್! ಅವರ ಮುಖ ಅರಳಿತು.

“ಯಾರು ಮಾಡಿದ್ದು ಇದು?”

ಹೆಂಡತಿ ಗಂಡನ ಕಡೆ ನೋಡಿದಳು. “ಅವರೇ ಅಪ್ಪಾ.”

ಆ ಕ್ಷಣದಲ್ಲಿ ಅಳಿಯರಾಯರಿಗೆ ಅವಳ ಮೇಲೆ ಉಕ್ಕಿದ ಪ್ರೀತಿ ಇಷ್ಟು ಅಷ್ಟಲ್ಲ. ಮಾವ ಬೀಗದ ಕೈ ಚಾಚಿದರು. ತಾವು ಪಕ್ಕದಲ್ಲಿ ಕೂತರು. ಮಗಳು ಹಿಂದೆ ಹತ್ತಿದಳು. ಅಳಿಯರಾಯರು ಎಂಜಿನ್ ಶುರುಮಾಡಿ, ಎರಡೂ ಕೈಯಲ್ಲಿ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಚಕ್ರವರ್ತಿಯಂತೆ ದಿಗಂತವನ್ನು ನೋಡಿದರು. ಆ ಸುಖವನ್ನು ಸ್ವಲ್ಪ ಹೊತ್ತು ಹಾಗೇ ಸವಿದರು.

“ಗೇರ್ ಹಾಕಿ ಅಳಿಯಂದಿರೇ.”

ಅಳಿಯರಾಯರು ಅಲ್ಲಾಡಲಿಲ್ಲ.

“ಗೇರು! ಗೇರು!”

“ಮಾವಾ... ಕೈ ಬರ್ತಾ ಇಲ್ಲ.”

ಹಿಂದಿನಿಂದ ಹೆಂಡತಿ ಮೂಗು ಮುಂದೆ ಚಾಚಿದಳು. ಆ ವಾಸನೆ ಅವಳಿಗೆ ಗೊತ್ತಿಲ್ಲದ್ದೇ? “ರೀ! ಸ್ಟೀರಿಂಗಿನ ಕವರು ಏನಂದ್ಕೊಂಡ್ರಿ? ಅದೂ ರಬ್ಬರ್ರೇ ಕಣ್ರೀ!”

ಹಳೆಯ ಕವರು ಕರಗಿ, ಅಂಟಾಗಿ, ಅಂಗೈಗಳನ್ನು ಅಪ್ಪಿಕೊಂಡಿತ್ತು. ಮಾವ ಇಳಿದು ಬಂದು ಭುಜ ಹಿಡಿದರು, ಹೆಂಡತಿ ಹಿಂದಿನಿಂದ ಸೊಂಟ ಹಿಡಿದಳು. ಒಂದು, ಎರಡು, ಮೂರು! ಪರ್ರ್ ಎಂದು ಕವರು ಸ್ಟೀರಿಂಗನ್ನು ಬಿಟ್ಟಿತು, ಅಳಿಯರಾಯರನ್ನು ಬಿಡಲಿಲ್ಲ.

ಜೀಪು ಗೇಟು ದಾಟಿತು. ಮಾವ ಬೋಳು ಸ್ಟೀರಿಂಗು ಹಿಡಿದಿದ್ದರು. ಹೆಂಡತಿ ಮುಂದಿನ ಸೀಟಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಅಳಿಯರಾಯರು ಹಿಂದಿನ ಸೀಟಿನಲ್ಲಿ, ಕೈಗಂಟಿದ ದುಂಡನೆಯ ಕವರನ್ನು ಎದೆಯ ಮುಂದೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಿದ್ದರು.

ಮಾವ ಕನ್ನಡಿಯಲ್ಲಿ ಒಮ್ಮೆ ನೋಡಿದರು.

“ಓಡಿಸಿ ಅಳಿಯಂದಿರೇ. ಮಾತು ಅಂದ್ರೆ ಮಾತು. ಮುಂದೆ ತಿರುವಿದೆ, ನಿಧಾನವಾಗಿ ತಿರುಗಿಸಿ!”