ಆರಿಸಿದ ಮಕ್ಕಳ ಶಾಲೆ

ಟೈಲರ್ ಬಾಯಿಂದ ಆ ಒಂದು ಮಾತು ಜಾರದೇ ಇದ್ದಿದ್ದರೆ ಅಂದಿನ ದಿನ ನೆಟ್ಟಗೆ ಕಳೆದುಹೋಗುತ್ತಿತ್ತು.

ಅಂಗಡಿಯ ಮೇಲಿನ ಮನೆಯ ಮಹಡಿಯಮ್ಮ ಬೆಳಿಗ್ಗೆ ಬೆಳಿಗ್ಗೆಯೇ ಗಂಡನ ಕೋಟು ಕೇಳಿಕೊಂಡು ಮಹಡಿಯಿಂದ ಇಳಿದು ಅಂಗಡಿಗೆ ಬಂದಿದ್ದರು. ಕೋಟಿನ ಎರಡು ತೋಳುಗಳು ಇನ್ನೂ ಮೈಗೆ ಸೇರದೆ ಮೇಜಿನ ಮೇಲೆ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ಬಿದ್ದಿದ್ದವು.

“ಗುಂಡಿ ಹಾಕೋದೊಂದು ಬಾಕಿ ಅಮ್ಮ,” ಎಂದು ಟೈಲರ್ ಒಂದು ತೋಳನ್ನು ಮೊಣಕೈಯಿಂದ ಮೆಲ್ಲಗೆ ಮೇಜಿನ ಕೆಳಗೆ ಬೀಳಿಸಿದ.

“ಹಾಗಾದ್ರೆ ಕೂತಿರ್ತೀನಿ. ಗುಂಡಿಗೆ ಎಷ್ಟೊತ್ತು ಬೇಕು?”

“ಈಗ ಆಗಲ್ಲ ಅಮ್ಮ. ಮಗಳ ಶಾಲೆಗೆ ಹೋಗ್ಬೇಕು. ಬರೋಕೆ ಹೇಳಿದಾರೆ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಹಡಿಯಮ್ಮ ಸ್ಟೂಲಿನ ತುದಿಗೆ ಜರುಗಿ ಕೂತರು. ಕೋಟಿನ ಮಾತು ಅಲ್ಲಿಗೆ ಮುಗಿಯಿತು.

ಆ ಶಾಲೆಯ ವಿಷಯ ಹೀಗೆ. ಟೈಲರ್ ಮಗಳು ಪುಟ್ಟಿಗೆ ಅಕ್ಷರಗಳು ಹೇಳಿದ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ‘ಸರ’ ಎಂದು ಬರೆದಿದ್ದರೆ ‘ರಸ’ ಎಂದು ಓದುತ್ತಿದ್ದಳು. ಹಳೆಯ ಶಾಲೆಯ ಟೀಚರು ಅವಳನ್ನು ಕೊನೆಯ ಬೆಂಚಿಗೆ ಕಳಿಸಿದರು, ಆಮೇಲೆ ಬಾಗಿಲ ಹೊರಗೆ, ಕೊನೆಗೆ ಅಪ್ಪ ಅಮ್ಮನನ್ನು ಕರೆಸಿ ಮನೆಗೇ ಕಳಿಸಿದರು. ಶಾಲೆ ಎಂದರೆ ಅವಳಿಗೆ ಜ್ವರ ಬರುತ್ತಿತ್ತು. ನೆಪದ ಜ್ವರವಲ್ಲ, ಮುಟ್ಟಿದರೆ ಕೈ ಸುಡುವ ಜ್ವರ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಟೈಲರ್ ಹೆಂಡತಿ ಎಲ್ಲೆಲ್ಲೋ ವಿಚಾರಿಸಿ, ಇಂಥ ಮಕ್ಕಳಿಗೆಂದೇ ಇರುವ ಒಂದು ಶಾಲೆಯನ್ನು ಊರಿನ ಇನ್ನೊಂದು ತುದಿಯಲ್ಲಿ ಹುಡುಕಿ ಸೇರಿಸಿದಳು. ಅಂದಿನಿಂದ ಬಿಳಿ ವ್ಯಾನೊಂದು ಬೀದಿಯ ತಿರುವಿಗೆ ಬಂದು ಪುಟ್ಟಿಯನ್ನು ಕರೆದೊಯ್ಯುತ್ತಿತ್ತು.

ಬೀದಿಯವರು ಸುಮ್ಮನಿರುತ್ತಾರೆಯೇ? “ಯಾವ ಶಾಲೆ ಅದು?” ಎಂದು ಕೇಳಿದರು. ಟೈಲರ್ ಗಂಟಲು ಸರಿಮಾಡಿಕೊಂಡು, “ಎಲ್ಲರನ್ನೂ ಸೇರಿಸೋ ಶಾಲೆ ಅಲ್ಲ. ಮಕ್ಕಳನ್ನ ಕೂತು ನೋಡಿ ಆರಿಸ್ತಾರೆ,” ಎಂದಿದ್ದ. ಅಕ್ಷರಕ್ಕೆ ಅಕ್ಷರ ನಿಜವೇ. ಆದರೆ ಲೈನಿಂಗ್ ಹಾಕಿದ ಕೋಟಿನಂತೆ ಆ ಮಾತಿಗೆ ಇಲ್ಲದ ತೂಕ ಬಂದುಬಿಟ್ಟಿತು. ಮಿಕ್ಕಿದ್ದನ್ನು ಬೀದಿಯೇ ಹೊಲಿದುಕೊಂಡಿತು. ಮಂತ್ರಿ ಮಕ್ಕಳಿಗೂ ಅಲ್ಲಿ ಸೀಟಿಲ್ಲವಂತೆ ಎಂಬಲ್ಲಿಗೆ ಬಂದು ನಿಂತಿತ್ತು.

ಇದು ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡದ್ದು ಮಹಡಿಯಮ್ಮನಿಗೆ. ಅವರ ಮಗ ಒಂದನೇ ಕ್ಲಾಸಿನಿಂದ ಇಲ್ಲಿಯವರೆಗೆ ಒಂದು ಪರೀಕ್ಷೆಯಲ್ಲೂ ಎರಡನೆಯವನಾದದ್ದಿಲ್ಲ. ಬೀದಿಯಲ್ಲಿ ಅವನ ಹೆಸರೇ ‘ಫಸ್ಟು’. ಫಸ್ಟುವನ್ನು ಬಿಟ್ಟು ಟೈಲರ್ ಮಗಳನ್ನು ಆರಿಸಿದ ಶಾಲೆ ಎಂಥದ್ದು ಎಂದು ನೋಡಲು ಆಕೆ ಕಾಯುತ್ತಲೇ ಇದ್ದರು.

“ನಾನೂ ಬರ್ತೀನಿ. ನಮ್ಮ ಹುಡುಗನ್ನೂ ಒಂದು ಸಲ ನೋಡ್ಲಿ. ಅವನಿಗೆ ಇವತ್ತು ರಜೆ.”

“ಹೊರಗಿನವರನ್ನ ಒಳಗೆ ಬಿಡಲ್ಲ ಅಮ್ಮ.”

“ಇಷ್ಟು ವರ್ಷ ನಿಮ್ಮ ತಲೆ ಮೇಲೇ ಇದೀನಿ, ನಾನು ಹೊರಗಿನವಳಾ?”

“ಬಸ್ಸು ತುಂಬಾ ರಷ್ಷು.”

“ನಿಂತ್ಕೋತೀನಿ.”

“ಗೇಟಲ್ಲಿ ನಾಯಿ ಇದೆ.”

“ನಾಯಿಗಳು ನನ್ನ ತಂಟೆಗೆ ಬರಲ್ಲ.” ಇದು ನಿಜ. ಬೀದಿಯ ನಾಯಿಗಳು ಅವರನ್ನು ಕಂಡರೆ ಎದ್ದು ದಾರಿ ಬಿಡುತ್ತಿದ್ದವು.

ಪಕ್ಕದ ಸಲೂನಿನ ಕ್ಷೌರಿಕ, ಗಿರಾಕಿಯ ಒಂದು ಕೆನ್ನೆಗೆ ನೊರೆ ಹಚ್ಚಿ ಇನ್ನೊಂದನ್ನು ಮರೆತು, ಬಾಗಿಲಿಗೆ ಬಂದು ನಿಂತಿದ್ದ. “ಕರ್ಕೊಂಡು ಹೋಗಿ ಟೈಲರಣ್ಣ. ನಿಮ್ಮ ಗಂಟೇನು ಹೋಗುತ್ತೆ? ಇವರದಾದ ಮೇಲೆ ನಮ್ಮ ಹುಡುಗನ್ದೂ ನೋಡೋಣ.”

ಟೈಲರ್‌ಗೆ ಇನ್ನೊಂದು ಚಿಂತೆಯೂ ಇತ್ತು. ಹಿಂದಿನ ಸಂಜೆ ಶಾಲೆಯಿಂದ ಫೋನ್ ಬಂದಿತ್ತು: ಪುಟ್ಟಿ ವಿಷಯ ಮಾತಾಡೋದಿದೆ, ಇಬ್ಬರಲ್ಲಿ ಒಬ್ಬರು ಬನ್ನಿ. ಹಳೆಯ ಶಾಲೆಯವರು ಅವಳನ್ನು ಹೊರಹಾಕುವ ಮುಂಚೆ ಹೇಳಿದ್ದೂ ಇದೇ ಮಾತು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. “ನೀವೇ ಹೋಗಿ. ಏನಂದ್ರೂ ಕೈ ಮುಗಿದು ಇನ್ನೊಂದು ವರ್ಷ ಇಟ್ಕೊಳ್ಳಿ ಅನ್ನಿ,” ಎಂದು ಹೇಳಿ ಹೋಗಿದ್ದಳು. ಬೇಡಿಕೊಳ್ಳಲು ಹೊರಟವನ ಹಿಂದೆ ಈಗ ಮೆರವಣಿಗೆ.

ಶಾಲೆಯ ಓಡಾಟವೆಲ್ಲ ಹೆಂಡತಿಯದೇ, ಟೈಲರ್ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಬಸ್ಸಿನಲ್ಲಿ ಕೂತು ಒಂದು ಉಪಾಯ ಮಾಡಿದ. ಹೆಂಡತಿ ಹೇಳಿದ್ದ ಸ್ಟಾಪಿಗಿಂತ ಮೊದಲೇ ಇಳಿದು, ಸಂದಿಗೊಂದಿ ಸುತ್ತಿಸಿ, ಸುಸ್ತಾದ ಮೇಲೆ ದಾರಿ ತಪ್ಪಿತು ಎಂದು ವಾಪಸು ಕರೆತಂದು ಬಿಡುವುದು. ಆಮೇಲೆ ತಾನೊಬ್ಬನೇ ಹೋಗಿಬರುವುದು. ಹಾಗೇ ಇಳಿದ. ಟೈರು ಅಂಗಡಿಗಳ ಸಾಲು, ಗ್ಯಾರೇಜು, ಮತ್ತೊಂದು ಗ್ಯಾರೇಜು. ಬಿಸಿಲು ನೆತ್ತಿಗೆ ಬಂತು. ಟೈಲರ್ ಅಂಗಿ ಬೆನ್ನಿಗೆ ಅಂಟಿತು. ಮಹಡಿಯಮ್ಮ ಮಾತ್ರ ಸೂಜಿಯ ಹಿಂದೆ ದಾರದಂತೆ ಬಂದರು. ಫಸ್ಟು ದಾರಿಯುದ್ದಕ್ಕೂ ದೇಶಗಳ ರಾಜಧಾನಿಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ, ತುಟಿ ಅಲುಗುತ್ತಿತ್ತು. ಕೇಳಿದರೆ ಗೊತ್ತಿರಬೇಕಲ್ಲ ಎಂದು.

ಕೊನೆಗೆ ತುಕ್ಕು ಹಿಡಿದ ಒಂದು ಗೇಟು ಕಂಡಿತು. ಒಳಗೆ ಯಾವುದೋ ಹಳೇ ಮರದ ಗೋಡೌನು. ಟೈಲರ್ ಗೇಟನ್ನು ಎರಡು ಸಲ ತಟ್ಟಿ, ಮುಖ ಸಣ್ಣದು ಮಾಡಿಕೊಂಡು, “ಇದೇ ಅಮ್ಮ. ಮುಚ್ಚಿಬಿಟ್ಟಿದಾರೆ. ನಮ್ಮ ಅದೃಷ್ಟ ಇಷ್ಟೇ. ಹೋಗೋಣ,” ಎಂದ.

ಗೇಟು ಕಿರ್ರೆಂದು ತೆರೆಯಿತು. ಮೊಣಕೈವರೆಗೆ ಜೇಡಿಮಣ್ಣು ಮೆತ್ತಿಕೊಂಡು ಪುಟ್ಟಿ ನಿಂತಿದ್ದಳು.

“ಅಪ್ಪಾ, ಹಿಂದಿನ ಗೇಟಿಂದ ಯಾಕೆ ಬಂದೆ?”

ಮರದ ಗೋಡೌನೇ ಶಾಲೆಯಾಗಿತ್ತು. ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ನೆಲದ ಮೇಲೆ ಚಾಪೆ. ಬೆಂಚಿಲ್ಲ. ಗೋಡೆಯ ಮೇಲೆ ಮರ ಉಜ್ಜುವ ಒರಟು ಉಪ್ಪುಕಾಗದದಿಂದ ಕತ್ತರಿಸಿ ಅಂಟಿಸಿದ ದೊಡ್ಡ ದೊಡ್ಡ ಅಕ್ಷರಗಳು. ಒಬ್ಬ ಪುಟಾಣಿ ಕಣ್ಣು ಮುಚ್ಚಿಕೊಂಡು ‘ಅ’ ಎಂಬುದರ ಬೆನ್ನು ಸವರುತ್ತಿದ್ದ. ಒಬ್ಬ ಹುಡುಗ ಮೇಜಿನ ಕೆಳಗೆ ಮಂಡಿ ಅಪ್ಪಿಕೊಂಡು ಕೂತಿದ್ದ. ಒಬ್ಬಳು ಮೆಟ್ಟಿಲು ಹತ್ತಿ ಇಳಿದು, ಇಳಿದು ಹತ್ತಿ, ಬೆವರು ಸುರಿಸುತ್ತಿದ್ದಳು.

ಮಹಡಿಯಮ್ಮ ಹುಬ್ಬು ಗಂಟಿಕ್ಕಿದರು. “ಅವನ್ಯಾಕೆ ಮೇಜಿನ ಕೆಳಗಿದಾನೆ?”

ಟೈಲರ್‌ಗೆ ತಿಳಿದಿದ್ದರೆ ತಾನೇ. “ಅಲ್ಲಿ ಕೂತ್ರೆ ಕಿವಿ ಚುರುಕಾಗುತ್ತೆ ಅಮ್ಮ. ಹೊಸ ಪದ್ಧತಿ.”

“ಹೌದು, ಸರಿಯಾಗಿ ಹೇಳಿದ್ರಿ,” ಎಂಬ ದನಿ ಹಿಂದಿನಿಂದ ಬಂತು. ಶಾಲೆಯ ಮುಖ್ಯಸ್ಥೆ. ಮಕ್ಕಳೆಲ್ಲ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. “ಅಷ್ಟೊಂದು ಮುಖ ಎದುರಿಗಿದ್ರೆ ಅವನಿಗೆ ಗಾಬರಿ. ಅಲ್ಲಿದ್ರೆ ಒಂದು ಮಾತೂ ಬಿಡದೆ ಕೇಳಿಸ್ಕೋತಾನೆ.” ಆಕೆ ನೆಲಕ್ಕೆ ಕೂತು, ಮೇಜಿನ ಕೆಳಗೆ ಬಾಗಿ, “ಮಳೆ ನೀರು ಎಲ್ಲಿಗೆ ಹೋಗುತ್ತೆ ಮರೀ?” ಎಂದರು. ಆಕೆ ಕಾದರು. ಬೇರೆ ಯಾವ ಟೀಚರಾದರೂ ಅಷ್ಟರಲ್ಲಿ ಇನ್ನೊಬ್ಬನನ್ನು ಕೇಳಿ, ಅವನಿಗೂ ಬೈದು ಮುಗಿಸಿರುತ್ತಿದ್ದರು. ಆಕೆ ಇನ್ನೂ ಕಾದರು. ಮೇಜಿನ ಕೆಳಗಿನಿಂದ ಮಳೆ ನೀರು ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ, ಅಲ್ಲಿಂದ ಮತ್ತೆ ಮೋಡಕ್ಕೆ ಹೋದ ಕತೆ ಪೂರ್ತಿ ಬಂತು.

“ಮೆಟ್ಟಿಲು ಹತ್ತೋ ಹುಡುಗಿ?” ಮಹಡಿಯಮ್ಮ ಕೇಳಿದರು.

“ಕಾಲಲ್ಲಿ ಲೆಕ್ಕ ಕಲಿತಿದಾಳೆ,” ಎಂದ ಟೈಲರ್, ಬಾಯಿಗೆ ಬಂದದ್ದನ್ನು.

“ಹೂಂ. ಕೂತ್ರೆ ಮಗ್ಗಿ ಮರೆತುಹೋಗುತ್ತೆ ಅವಳಿಗೆ. ಹತ್ತಿ ಇಳಿದ್ರೆ ಒಂದೂ ತಪ್ಪಲ್ಲ. ನೀವು ಚೆನ್ನಾಗಿ ತಿಳ್ಕೊಂಡಿದೀರಿ,” ಎಂದರು ದೊಡ್ಡಕ್ಕ.

ಟೈಲರ್ ಬೆಪ್ಪಾದ. ಸುಳ್ಳು ಹೇಳಲು ಬಂದವನಿಗೆ ಅಲ್ಲಿ ಸುಳ್ಳಿಗೇ ಜಾಗ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಪುಟ್ಟಿ ಕೈ ತೊಳೆದು ಬಂದು ಚಿಕ್ಕ ಮಕ್ಕಳ ನಡುವೆ ಕೂತಳು. ಕೈಯಲ್ಲಿ ಒಂದು ಕತೆಪುಸ್ತಕ, ಒಂದು ರಟ್ಟಿನ ತುಂಡು. ರಟ್ಟಿನ ನಡುವೆ ಅಂಗಿಯಲ್ಲಿ ಗುಂಡಿ ತೂರಿಸುವ ಕಾಜದಂಥ ಒಂದು ಸೀಳು. ಅದನ್ನು ಸಾಲಿನ ಮೇಲಿಟ್ಟರೆ ಒಂದು ಹೊತ್ತಿಗೆ ಒಂದೇ ಪದ ಕಾಣುತ್ತಿತ್ತು. ಪಕ್ಕದ ಅಕ್ಷರಗಳು ನುಗ್ಗಿ ಬರುವಂತಿರಲಿಲ್ಲ. ಪುಟ್ಟಿ ಕಾಜವನ್ನು ಸರಿಸುತ್ತ ಸರಿಸುತ್ತ ಕಾಗೆಯೊಂದರ ಕತೆ ಓದತೊಡಗಿದಳು. “ಕಾಗೆ... ರಾಣಿಯ... ರಸವನ್ನು...” ನಿಂತಳು. ಯಾರೂ ನಗಲಿಲ್ಲ. ಯಾರೂ ಹೇಳಿಕೊಡಲಿಲ್ಲ. ರಟ್ಟನ್ನು ಹಿಂದಕ್ಕೆ ಸರಿಸಿದಳು. “ಸರವನ್ನು ಕಚ್ಚಿಕೊಂಡು ಹಾರಿತು,” ಎಂದಳು. ಕತೆ ಮುಂದೆ ಹೋಯಿತು.

“ಅಳ್ತಿದೀರಾ?” ಎಂದರು ಮಹಡಿಯಮ್ಮ.

“ಮರದ ಹೊಟ್ಟು, ಕಣ್ಣಿಗೆ,” ಎಂದ ಟೈಲರ್. ಗೋಡೌನಿನಲ್ಲಿ ಮರ ಇಲ್ಲದೆ ಎಷ್ಟೋ ವರ್ಷವಾಗಿತ್ತು.

ಮಹಡಿಯಮ್ಮ ಗೋಡೆಗಳಲ್ಲಿ ಬಹುಮಾನದ ಕಪ್, ಶೀಲ್ಡುಗಳನ್ನು ಹುಡುಕುತ್ತ ಆಚೆ ಹೋದರು. ಒಂದೂ ಕಾಣದಿದ್ದಾಗ, ಬೆಲೆಬಾಳುವವು ಇರಬೇಕು, ಬೀಗ ಹಾಕಿಟ್ಟಿದ್ದಾರೆ ಎಂದುಕೊಂಡರು. ಇತ್ತ ಫಸ್ಟು ಜೇಡಿಮಣ್ಣಿನ ಮುಂದೆ ಕೂತಿದ್ದ.

“ಏನು ಮಾಡ್ಬೇಕು?” ಎಂದು ಕೇಳಿದ.

“ನಿನಗೆ ಏನು ಬೇಕೋ ಅದು,” ಎಂದರು ದೊಡ್ಡಕ್ಕ.

“ಸರಿಯಾದ್ದು ಯಾವುದು?”

“ಅಂಥದ್ದೇನಿಲ್ಲ.”

ಫಸ್ಟುವಿನ ಮುಖ ಬಿಳಚಿಕೊಂಡಿತು. ಒಂದು ಉಂಡೆ ಮಾಡಿದ; ದುಂಡಗಿಲ್ಲವೆಂದು ಮುರಿದ. ಮತ್ತೆ ಮಾಡಿದ, ಮತ್ತೆ ಮುರಿದ. ದೊಡ್ಡಕ್ಕನ ಕಣ್ಣು ಅವನ ಬೆರಳುಗಳ ಮೇಲಿತ್ತು. ಉಗುರುಗಳನ್ನು ಬುಡದವರೆಗೆ ಕಚ್ಚಿ ತಿಂದಿದ್ದ. ಟೈಲರ್ ಅದನ್ನು ಅಂದೇ ಮೊದಲು ನೋಡಿದ್ದು.

ಪುಟ್ಟಿ ಬಂದು ಅವನ ಮುಂದೆ ತಾನು ಮಾಡಿದ್ದನ್ನು ಇಟ್ಟಳು. “ಇದು ಆನೆ. ಹಂದಿ ಥರ ಬಂದಿದೆ. ಹಾಗೇ ಇಟ್ಟಿದೀನಿ.”

ಫಸ್ಟು ಆನೆಯನ್ನು ನೋಡಿದ. ಯಾರಾದರೂ ಬೈಯುತ್ತಾರೇನೋ ಎಂದು ಸುತ್ತ ನೋಡಿದ. ಯಾರೂ ಬೈಯಲಿಲ್ಲ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ ನಗು ಬಂತು. ಇಷ್ಟು ವರ್ಷ ತನ್ನ ಅಂಗಡಿಯ ಮೇಲೆಯೇ ಬೆಳೆದ ಹುಡುಗನ ನಗು ಹೇಗಿರುತ್ತದೆಂದು ಟೈಲರ್‌ಗೆ ಗೊತ್ತಿರಲಿಲ್ಲ. ನೋಡನೋಡುತ್ತ ಫಸ್ಟು ಐದು ಕಾಲಿನ ಒಂದು ಪ್ರಾಣಿ ಮಾಡಿದ, ಅದಕ್ಕೆ ಹೆಸರೂ ಇಡಲಿಲ್ಲ.

ದೊಡ್ಡಕ್ಕ ಟೈಲರ್‌ನನ್ನು ಕಿಟಕಿಯ ಬಳಿಗೆ ಕರೆದರು. ಅವರು ಬಾಯಿ ತೆರೆಯುವ ಮೊದಲೇ ಅವನು ಕೈ ಮುಗಿದ. “ಅಕ್ಕಾ, ಅವಳು ಏನು ತಪ್ಪು ಮಾಡಿದ್ರೂ ಹೊಟ್ಟೆಗೆ ಹಾಕ್ಕೊಳ್ಳಿ. ಕಳಿಸ್ಬೇಡಿ. ಮದುವೆ ವಯಸ್ಸಿನ ತನಕ ಇಲ್ಲೇ ಇರ್ಲಿ.”

ದೊಡ್ಡಕ್ಕ ನಕ್ಕರು. “ತಪ್ಪೇನೂ ಮಾಡಿಲ್ಲ. ಅವಳಿಗೆ ಇಲ್ಲಿ ಕಲಿಯೋದು ಮುಗೀತು. ಅಕ್ಷರ ಈಗಲೂ ಓಡುತ್ತೆ, ಆದ್ರೆ ಹಿಡಿಯೋದು ಹೇಗೆ ಅಂತ ಅವಳಿಗೆ ಗೊತ್ತು. ಇನ್ನು ಯಾವ ಶಾಲೇಲಿ ಬೇಕಾದ್ರೂ ನಿಭಾಯಿಸ್ತಾಳೆ. ನಿಮ್ಮ ಬೀದಿಯ ಹಳೇ ಶಾಲೆಗೇ ಹೋಗ್ತೀನಿ ಅಂತ ಅವಳೇ ಕೇಳಿದಾಳೆ. ಹೆದರಬೇಡಿ, ಅಲ್ಲಿನ ಟೀಚರ ಹತ್ರ ನಾನೇ ಬಂದು ಮಾತಾಡ್ತೀನಿ.”

ಟೈಲರ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಕೋಣೆಯನ್ನು ಇವತ್ತು ತಾನೇ ಕಣ್ಣುತುಂಬ ನೋಡಿದ್ದ. ಇವತ್ತೇ ಬಿಡಬೇಕಾಗಿ ಬಂತು.

“ಇನ್ನೊಂದು ಮಾತು. ನಿಮ್ಮ ಜೊತೆ ಬಂದ ಹುಡುಗ ಇಲ್ಲಿಗೆ ಬರ್ಬೇಕು. ಪುಟ್ಟಿ ಜಾಗ ಖಾಲಿ ಆಗುತ್ತಲ್ಲ.” ಅಷ್ಟರಲ್ಲಿ ಹತ್ತಿರ ಬಂದಿದ್ದ ಮಹಡಿಯಮ್ಮನ ಕಡೆ ದೊಡ್ಡಕ್ಕ ತಿರುಗಿದರು. “ಅಮ್ಮಾ, ನಿಮ್ಮ ಮಗ ತಪ್ಪಾಗುತ್ತೆ ಅಂತ ತುಂಬಾ ಹೆದರ್ತಾನೆ. ನಮ್ಮ ಶಾಲೆ ಇರೋದು ಇಂಥ ಮಕ್ಕಳಿಗೇ. ಕೆಲವು ದಿನ ನಮಗೆ ಕೊಡಿ.”

ಮಹಡಿಯಮ್ಮನ ಕಿವಿಗೆ ಬಿದ್ದದ್ದು ‘ಇಂಥ ಮಕ್ಕಳಿಗೇ’ ಎಂಬುದಷ್ಟೇ. “ಹೌದು, ಅವನು ತಪ್ಪೇ ಮಾಡಲ್ಲ,” ಎಂದರು. ಕಣ್ಣಲ್ಲಿ ನೀರು ತುಂಬಿತ್ತು.

ಬಸ್ಸು ಇಳಿಯುವಷ್ಟರಲ್ಲಿ ಬೀದಿಗೆ ಸುದ್ದಿ ಮುಟ್ಟಿತ್ತು. ಮಹಡಿಯಮ್ಮ ದಾರಿಯುದ್ದಕ್ಕೂ ಫೋನಿನಲ್ಲಿದ್ದರು. ಫಸ್ಟುವನ್ನು ನೋಡಿದ ತಕ್ಷಣ ಆರಿಸಿದರಂತೆ. ಟೈಲರ್ ಮಗಳನ್ನು ತೆಗೆದು ಆ ಜಾಗ ಕೊಟ್ಟರಂತೆ. “ಪಾಪ, ಎದುರಿಗೇ ಹೇಳ್ಬಿಟ್ರು. ಆಯಪ್ಪ ಕಿಟಕಿ ಹತ್ರ ಕೈ ಮುಗಿದು ಬೇಡ್ಕೊಂಡ, ಕೇಳಲೇ ಇಲ್ಲ,” ಎಂದು ಆಕೆ ಫೋನಿನಲ್ಲಿ ಮರುಗಿದ್ದರು. ಬೀದಿಗೆ ಬೀದಿಯೇ ಬಂದು ಪುಟ್ಟಿಯ ತಲೆ ಸವರಿತು. ಮೂಲೆಮನೆಯ ಅಜ್ಜಿ, “ಎಲ್ಲರಿಗೂ ವಿದ್ಯೆ ಹತ್ತುತ್ತಾ? ಮಷಿನ್ ಕಲಿಸು, ಕೈಗೆ ಒಂದು ಕಸುಬಿರುತ್ತೆ,” ಎಂದು ಸಮಾಧಾನ ಹೇಳಿ ಹೋದಳು. ಹೋಗುವ ಮುನ್ನ ಮಹಡಿಯಮ್ಮ ಟೈಲರ್ ಭುಜದ ಹತ್ತಿರ ಬಂದು ದನಿ ತಗ್ಗಿಸಿದರು. “ಬೇಜಾರ್ ಮಾಡ್ಕೋಬೇಡಿ. ಸಂಜೆ ಹೊತ್ತು ಪುಟ್ಟೀನ ಮೇಲಕ್ಕೆ ಕಳಿಸಿ. ನಮ್ಮ ಹುಡುಗ ಓದೋದು ಹೇಳಿಕೊಡ್ತಾನೆ.”

ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ಟೈಲರ್ ನಡೆದದ್ದನ್ನೆಲ್ಲ ಹೇಳಿದ. ಅವಳು ಪುಟ್ಟಿಯನ್ನು ಎಳೆದು ತಬ್ಬಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. “ಇಷ್ಟು ಒಳ್ಳೇ ಸುದ್ದಿ ಇಟ್ಕೊಂಡು ಊರೆಲ್ಲ ಅಯ್ಯೋ ಅನ್ನಿಸ್ಕೊಂಡ್ರಾ? ಹೋಗಿ ನಿಜ ಹೇಳಿ.”

“ಅದು ಎಂಥ ಶಾಲೆ ಅಂತ ಗೊತ್ತಾದ್ರೆ ಆಯಮ್ಮ ಹುಡುಗನ್ನ ಕಳಿಸ್ತಾಳಾ?” ಎಂದ ಟೈಲರ್. “ಅವನು ಇವತ್ತು ನಕ್ಕಿದ್ದನ್ನ ನೀನು ನೋಡ್ಬೇಕಿತ್ತು.”

ಹೆಂಡತಿ ಮೇಲಿನ ಮಹಡಿಯ ಕಡೆ ನೋಡಿದಳು. “ಹಾಗಾದ್ರೆ ಬೇಡ ಬಿಡಿ,” ಎಂದಳು.

ಸಲೂನು ಮುಚ್ಚಿಕೊಂಡು ಕ್ಷೌರಿಕ ಬಂದ. ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ. “ಗಾಯದ ಮೇಲೆ ಉಪ್ಪು ಸುರೀತಿದೀನಿ ಅನ್ಕೋಬೇಡಿ ಟೈಲರಣ್ಣ. ನಮ್ಮ ಹುಡುಗನ್ನೂ ಅಲ್ಲಿಗೆ ಕರ್ಕೊಂಡು ಹೋಗೋಣ ಅಂತ. ಪುಟ್ಟೀನ ಯಾಕೆ ತೆಗೆದ್ರು ಅಂತ ಗೊತ್ತಾದ್ರೆ, ಅದೊಂದು ನಮ್ಮೋನ ಕೈಲಿ ಆಗದ ಹಾಗೆ ನೋಡ್ಕೋತಿದ್ದೆ.”

ದಿನವಿಡೀ ಸುಳ್ಳು ಹೊಲಿದು ಟೈಲರ್‌ಗೆ ಸಾಕಾಗಿತ್ತು. ನಿಜವನ್ನೇ ಹೇಳಿದ.

“ಓದೋದು ಕಲಿತುಬಿಟ್ಟಳು. ಅದಕ್ಕೆ.”

ಕ್ಷೌರಿಕ ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದ. ಮುಖ ಮೆಲ್ಲಗೆ ಅರಳಿತು.

“ಹಾಗಾದ್ರೆ ನಮ್ಮೋನಿಗೆ ಆ ಭಯ ಇಲ್ಲ ಬಿಡಿ,” ಎಂದ.